ಫಿರಂಗಿಗೆ ಪ್ರತಿ ಉಡುಗೊರೆ

1922ರ ವಸಂತದಲ್ಲಿ, ಪೂರ್ವ ಬುಖಾರಾದ ಕೊಕ್‌ತಾಷ್ ಹಳ್ಳಿಯ ಚಹಾದಂಗಡಿಯಲ್ಲಿ ಸ್ವಾತಂತ್ರ್ಯ ಸೇನೆಯ ವಿದೇಶಿ ಸಹಕಾರ ಇಲಾಖೆ ವಿಧಿವತ್ತಾಗಿ ಸ್ಥಾಪನೆಯಾಯಿತು. ಎಗಂಬೆರ್ದಿ ಅದರ ಮುಖ್ಯಸ್ಥ. ಅವನ ತಮ್ಮ ನೊರ್ಮತ್ ಮೇಲಿನ ಕಣಿವೆಯಲ್ಲಿ ರಷ್ಯದ ಪಡೆಯನ್ನು ತಡೆದು ನಿಂತಿದ್ದ. ಅವನಿಗೆ ಬೇಕಾದದ್ದು ಒಂದು ಫಿರಂಗಿ.

ಫಿರಂಗಿ ಬಂತು. ನದಿಯಾಚೆಯ ರಾಜ್ಯದ ಕ್ಯಾಪ್ಟನ್ ಗುಲ್‌ಬಾಜ್ ತಂದ. ಎಳೆದು ತಂದ ಹೇಸರಗತ್ತೆಗಳು ಸಹಕಾರದಲ್ಲಿ ಸೇರಿಲ್ಲವೆಂದು ಸ್ಪಷ್ಟಪಡಿಸಿ, ಅವನ್ನು ಹಿಂದಕ್ಕೆ ಅಟ್ಟಿದ.

ಅಲ್ಲಿನ ರೂಢಿಯಂತೆ ಅತಿಥಿಯನ್ನು ಮೂರು ದಿನ ಬಂದ ಕೆಲಸವೇನೆಂದು ಕೇಳುವಂತಿಲ್ಲ. ಯಾರೂ ಕೇಳಲಿಲ್ಲ. ಫಿರಂಗಿಯ ಮೇಲೆ ಬಟ್ಟೆಗಳು ಒಣಗಿದವು. ನಾಲ್ಕನೆಯ ದಿನ ಕ್ಯಾಪ್ಟನ್, "ಇದು ನಿಮಗೆ ನಮ್ಮ ಉಡುಗೊರೆ" ಎಂದ. ಕೊಟ್ಟವನನ್ನು ಬರಿಗೈಲಿ ಕಳಿಸುವುದುಂಟೆ? ಹಳ್ಳಿಯ ಹಿರಿಯರ ಸಭೆ ಒಂದು ಕುದುರೆ ಕೊಟ್ಟಿತು.

ಕ್ಯಾಪ್ಟನ್ ಯೋಚಿಸಿದ. ಮರುದಿನ ತನ್ನ ಪೆಟ್ಟಿಗೆಯಿಂದ ಫಿರಂಗಿಯ ಒಂದು ಗುಂಡನ್ನು ತೆಗೆದು ಉಡುಗೊರೆ ಕೊಟ್ಟ. ಸಭೆ ಇನ್ನೊಂದು ಕುದುರೆ ಕೊಟ್ಟಿತು. ಸಂಜೆ ಮತ್ತೊಂದು ಗುಂಡು.

"ಪೆಟ್ಟಿಗೇನೇ ಕೊಟ್ಬಿಡಿ ಸಾಹೇಬ್ರೇ," ಎಂದ ಎಗಂಬೆರ್ದಿ.

"ಛೆ, ಸ್ನೇಹಾನ ಯಾರಾದ್ರೂ ಸಗಟಾಗಿ ಕೊಡ್ತಾರಾ?"

ಹಿರಿಯರು ತಲೆದೂಗಿದರು.

ಪೆಟ್ಟಿಗೆ ಅರ್ಧವಾಗುವಷ್ಟರಲ್ಲಿ ನೊರ್ಮತ್ ಕಣಿವೆಯಿಂದ ಇಳಿದು ಬಂದ.

"ಫಿರಂಗಿ ಚೆನ್ನಾಗಿದೆ ಅಣ್ಣಾ. ಯಾರ ಮದುವೆಗೆ?"

"ಬಾಯ್ಮುಚ್ಚೋ. ಮರ್ಯಾದೆ ಅಂತ ಒಂದಿರುತ್ತೆ."

"ಅದನ್ನ ರಷ್ಯದೋರಿಗೂ ಹೇಳು. ಇವತ್ತೋ ನಾಳೆಯೋ ನುಗ್ತಾರೆ. ಎಳೆಯೋಕೆ ಕುದುರೆ ಕೊಡು."

ಹಳ್ಳಿಯ ಕುದುರೆಗಳೆಲ್ಲ ಕ್ಯಾಪ್ಟನ್ನನ ಗುಡಾರದ ಬಳಿ ಮೇಯುತ್ತಿದ್ದವು. ಕೊಟ್ಟದ್ದನ್ನು ಮರಳಿ ಕೇಳಿದರೆ ಏಳು ತಲೆಮಾರಿಗೆ ಕೆಟ್ಟ ಹೆಸರು.

"ಹೋಗ್ಲಿ, ನನ್ನ ಕುದುರೇನೇ ಕಟ್ತೀನಿ. ಎಲ್ಲದು?"

ಎಗಂಬೆರ್ದಿ ನೆಲ ನೋಡಿದ. "ನೀನು ಚಹಾ ಕುಡೀತಿದ್ದಾಗ ಸಾಹೇಬ್ರು ಇನ್ನೊಂದು ಗುಂಡು ಕೊಟ್ರು ಕಣೋ."

ನೊರ್ಮತ್ ನಡೆದೇ ಬೆಟ್ಟ ಹತ್ತಿದ.

ಎರಡು ದಿನದಲ್ಲಿ ಕಣಿವೆ ರಷ್ಯದವರ ಕೈಸೇರಿತು. ಕ್ಯಾಪ್ಟನ್ ಹಳ್ಳಿಯ ಆತಿಥ್ಯವನ್ನು ಬಾಯ್ತುಂಬ ಹೊಗಳಿ, ಕುದುರೆಗಳೊಡನೆ ನದಿ ದಾಟಿದ.

ಇಲಾಖೆ ಪ್ರಕಟಣೆ ಹೊರಡಿಸಿತು: "ಫಿರಂಗಿಯನ್ನು ಶತ್ರುವಿನ ಬಳಿಗೆ ಒಯ್ಯುವುದು ಕಷ್ಟಸಾಧ್ಯವಾದ ಕಾರಣ, ಶತ್ರುವನ್ನೇ ಫಿರಂಗಿಯ ಬಳಿಗೆ ಬರಮಾಡಿಕೊಳ್ಳಲಾಗಿದೆ. ಸಹಕಾರ ಯಶಸ್ವಿ." ಒಪ್ಪಿಗೆಯೆಂದು ಸಭೆಯಲ್ಲಿ ಎಲ್ಲರೂ ಕೈಯೆತ್ತಿದರು. ಎಗಂಬೆರ್ದಿಯೂ ಎತ್ತಿದ.

ಕಣಿವೆ ಕಾದವರಿಗೆ ಗೌರವದ ನಿಲುವಂಗಿ ಹೊಲಿಸಬೇಕೆಂದೂ ತೀರ್ಮಾನವಾಯಿತು. ಎಗಂಬೆರ್ದಿ ತಮ್ಮನ ಅಳತೆಯನ್ನೂ ದರ್ಜಿಗೆ ಹೇಳಿದ್ದ. ತೊಡುವವರಿಲ್ಲದ ನಿಲುವಂಗಿ ದುಂದುವೆಚ್ಚವೆಂದು ಸಭೆ ಅಂಥವನ್ನೆಲ್ಲ, ತಮ್ಮನದನ್ನೂ, ಕೈಬಿಟ್ಟಿತು. ಅವನು ಒಪ್ಪಿದ.

ಕಣಿವೆಗೆ ಹೋದವರು ಎಂಬತ್ತು. ಹೊಲಿಸಿದ ನಿಲುವಂಗಿ ಹನ್ನೊಂದು.