ಹುಳ ಹಿಡಿಯುವವಳ ಪ್ರೊಬೇಷನ್

ಇಲಿ, ಜಿರಳೆ, ತಿಗಣೆಗಳ ಹಿಂದೆ ಓಡಾಡೋ ಕೆಲಸಕ್ಕೆ ಸೇರಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಇಲಿ ಯಾವತ್ತೂ ನಮ್ಮನ್ನ ಪೇಚಿಗೆ ಸಿಕ್ಕಿಸೋದಿಲ್ಲ, ಇಲಿ ಇರೋ ಮನೆಯವರು ಸಿಕ್ಕಿಸ್ತಾರೆ. ಅದೂ ಎಲ್ಲಿ ಏನು ತಪ್ಪಾಗುತ್ತೋ ಅಂತ ನಾನು ಜೀವ ಕೈಯಲ್ಲಿ ಹಿಡ್ಕೊಂಡು ಹೋದ ದಿನವೇ ಏನಾದ್ರೊಂದು ಆಗೇ ಆಗುತ್ತೆ.

ನಾವಿರೋದು ಐರ್ಲೆಂಡಿನ ಕಾರ್ಕ್‌ನಲ್ಲಿ. ಗಂಡನ ಸಾಫ್ಟ್‌ವೇರ್ ಕೆಲಸದ ಜೊತೆ ನಾನೂ ಬೆಂಗಳೂರಿಂದ ಬಂದೆ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಹಿಡ್ಕೊಂಡು ಕಂಡಕಂಡಲ್ಲಿ ಅರ್ಜಿ ಹಾಕಿದೆ. ಎಲ್ಲರೂ ನಯವಾಗಿ ಸಾರಿ ಅಂದ್ರು. ಬಾಮ್ಮ ಅಂತ ಕರೆದದ್ದು ಈ ಪೆಸ್ಟ್ ಕಂಟ್ರೋಲ್ ಕಂಪನಿ ಒಂದೇ. ಪ್ರೊಬೇಷನ್ ಆರು ತಿಂಗಳು. ಅದನ್ನ ಪಾಸ್ ಮಾಡದಿದ್ರೆ ಮತ್ತೆ ಮನೆ, ಮತ್ತೆ ಕಿಟಕಿ, ಮತ್ತೆ ಗಂಡ ಯಾವಾಗ ಬರ್ತಾನೆ ಅಂತ ಕಾಯೋದು.

ಗ್ರ್ಯಾಂಡ್

ನಮ್ಮ ಬಾಸು ಅಪ್ಪಟ ಕಾರ್ಕಿನವರು, ಅರವತ್ತರ ಹತ್ತಿರ. ಅವರ ಬಾಯಲ್ಲಿ ಬರೋದು ಒಂದೇ ಮಾತು, ಗ್ರ್ಯಾಂಡ್. ಕೆಲಸ ಚೆನ್ನಾಗಿ ಮಾಡಿದ್ರೂ ಗ್ರ್ಯಾಂಡ್. ನಾನು ವ್ಯಾನನ್ನ ಗೇಟಿಗೆ ಉಜ್ಜಿದಾಗಲೂ ಗ್ರ್ಯಾಂಡ್. ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗದೆ ನನಗೆ ನಿದ್ದೆಯೇ ಬರ್ತಿರಲಿಲ್ಲ.

ಕೊನೆಗೆ ಧೈರ್ಯ ಮಾಡಿ ಕೇಳೇಬಿಟ್ಟೆ, "ನನ್ನ ಕೆಲಸ ಹೇಗಿದೆ?"

"ನೀನು ಗ್ರ್ಯಾಂಡ್."

ಮನೆಗೆ ಬಂದು ಕುಣಿದಾಡಿದೆ. ಗಂಡ ಲ್ಯಾಪ್‌ಟಾಪಿಂದ ತಲೆ ಎತ್ತದೇ, "ಹೇಳೋವಾಗ ನಕ್ಕರಾ, ನಿಟ್ಟುಸಿರು ಬಿಟ್ಟರಾ?" ಅಂದ. ಅಯ್ಯೋ, ಅದನ್ನ ನಾನು ನೋಡಿಯೇ ಇರಲಿಲ್ಲ!

ಮಾರನೇ ವಾರ ಕರೆಸಿ, ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದಕ್ಕೆ ಹಾಕಿದ್ದೀನಿ ಅಂದ್ರು. ನನ್ನ ಮುಖ ಬಾಡಿದ್ದು ನೋಡಿ ಸಮಾಧಾನವನ್ನೂ ಮಾಡಿದ್ರು. "ಯೋಚನೆ ಮಾಡಬೇಡ, ಗ್ರ್ಯಾಂಡಾಗಿರುತ್ತೆ."

ಇಲಿಯ ಲಾಯರು

ಇಲಿ ಪಾಷಾಣದ ವಿಚಾರದಲ್ಲಿ ಯುರೋಪಿನ ಕಾನೂನು ಬಲು ಬಿಗಿ. ಕಂಡ ತಕ್ಷಣ ಸುರಿಯೋ ಹಾಗಿಲ್ಲ. ಮೊದಲು ಇಲಿ ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕು, ತೂತು ಮುಚ್ಚಬೇಕು, ಬೋನು ಇಡಬೇಕು. ಯಾವುದಕ್ಕೂ ಬಗ್ಗದಿದ್ರೆ ಆಗ ಪಾಷಾಣ. ಅದನ್ನೂ ಕೆಲಸ ಮುಗಿದ ಮೇಲೆ ಎತ್ಕೊಂಡು ಬರಬೇಕು. ಒಂದು ತಪ್ಪಿದ್ರೂ ಕಂಪನಿಗೆ ಕುತ್ತು, ನನಗಂತೂ ಗೇಟ್‌ಪಾಸ್. ಅದಕ್ಕೇ ನಾನು ಕಾನೂನನ್ನ ಮಗ್ಗಿ ಥರ ಬಾಯಿಪಾಠ ಮಾಡ್ಕೊಂಡಿದ್ದೆ.

ಒಬ್ಬ ಬೇಕರಿಯವನ ಮುಂದೆ ಅಷ್ಟನ್ನೂ ಒಪ್ಪಿಸಿದೆ. ಆತ ಕೈತುಂಬ ಹಿಟ್ಟು ಮೆತ್ಕೊಂಡು ನಿಂತು ಕೇಳಿದ.

"ಸುಮ್ನೆ ಒಂದಿಷ್ಟು ಪಾಷಾಣ ಇಟ್ಟು ಹೋಗಬಾರದಾ?"

"ಪಾಷಾಣ ತಿಂದ ಇಲಿನ ಗೂಬೆ ತಿಂದ್ರೆ ಗೂಬೆ ಸಾಯುತ್ತೆ ಸಾರ್."

"ಗೂಬೆ ಏನು ನನ್ನ ಗಿರಾಕಿನಾ?"

ನಾನು ಗಾಬರಿಯಲ್ಲಿ ಮೊದಲಿಂದ ಮತ್ತೆ ಶುರು ಮಾಡಿದೆ. ಆತ ಕೈಯೆತ್ತಿ ತಡೆದ. "ನನ್ನ ಪರವಾಗಿ ಬಂದಿದ್ದೀಯಾ ಅಂತ ಒಳಗೆ ಬಿಟ್ಕೊಂಡೆ. ನೋಡಿದ್ರೆ ನೀನು ಇಲಿ ಕಡೆ ಲಾಯರು!"

ಬಗ್

ಹೋಟೆಲಿನವರಿಗೆ ನಾವು ಬಂದಿದ್ದು ಗಿರಾಕಿಗಳಿಗೆ ಗೊತ್ತಾಗಬಾರದು. ಒಂದು ಹೋಟೆಲಿನ ಒಡತಿ ನನ್ನ ಮುಖ ನೋಡಿದವಳೇ ಗಟ್ಟಿಯಾಗಿ, "ಬಾ ಬಾ, ವೈಫೈ ರಿಪೇರಿಗೆ ಬಂದೆಯಾ!" ಅಂದುಬಿಟ್ಟಳು. ಇಂಡಿಯಾದವಳು ಅಂದ ಮೇಲೆ ಕಂಪ್ಯೂಟರಿನವಳೇ ತಾನೆ, ಅಲ್ಲಿದ್ದ ಒಬ್ಬರಿಗಾದ್ರೂ ಅನುಮಾನ ಬರಬೇಕಲ್ಲ? ಊಹೂಂ.

ನಾನು ಟಾರ್ಚ್ ಹಿಡ್ಕೊಂಡು ಮೇಜಿನ ಕೆಳಗೆಲ್ಲ ತೆವಳ್ತಿದ್ರೆ, ಮೂಲೆಯಲ್ಲಿದ್ದ ತಾತ ಒಬ್ಬರು ಫೋನ್ ಮುಂದೆ ಹಿಡಿದು, "ಇದನ್ನೂ ಒಂಚೂರು ನೋಡಮ್ಮ" ಅಂದ್ರು. ವಾಲ್ಯೂಮ್ ಕಡಿಮೆಯಾಗಿತ್ತು, ಜಾಸ್ತಿ ಮಾಡಿಕೊಟ್ಟೆ. ಈ ನಾಟಕ ಬಾಸಿಗೆ ಗೊತ್ತಾದ್ರೆ ಏನು ಗತಿ ಅಂತ ಒಳಗೊಳಗೇ ಬೆವರ್ತಿದ್ದೆ.

ಹೊರಡೋವಾಗ ತಾತ ಎಲ್ಲರಿಗೂ ಕೇಳೋ ಹಾಗೆ ಕೇಳಿದ್ರು, "ಬಗ್ ಸಿಕ್ತಾ?"

ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. "ಎರಡು ಸಿಕ್ಕಿದ್ವು" ಅಂದೆ.

ಪೂರಾ ಸಸ್ಯಾಹಾರ

ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ನಮ್ಮ ಕನ್ನಡದವರದೇ ಒಂದು ಮನೆ. ಗಂಡ, ಹೆಂಡತಿ, ಎಳೇ ಕೂಸು. ಬಾಣಂತನಕ್ಕೆ ಅಂತ ಹೆಂಡತಿಯ ತಾಯಿ ನಂಜನಗೂಡಿನ ಹತ್ತಿರದ ಹಳ್ಳಿಯಿಂದ ಬಂದಿದ್ರು. ಅಡಿಗೆಮನೇಲಿ ಇಲಿ ಅಂತ ಫೋನ್ ಬಂತು, ಹೋದೆ.

"ಕೊಲ್ಲಬೇಡ ಕಣವ್ವ, ಗಣಪ್ಪನ ವಾಹನ" ಅಂದ್ರು ಅಜ್ಜಿ.

ಯುರೋಪಿನ ಕಾನೂನೂ ಅಜ್ಜಿಯೂ ಒಂದೇ ಮಾತು ಹೇಳಿದ್ದು ಕೇಳಿ ನನಗೆ ಹೋದ ಜೀವ ಬಂದ ಹಾಗಾಯ್ತು. ಜೀವಂತ ಹಿಡಿಯೋ ಬೋನು ತೆಗೆದು, ಅದರೊಳಗೆ ಒಂದು ಚಮಚ ಪೀನಟ್ ಬಟರ್ ಸವರಿದೆ. ಅಜ್ಜಿ ಬಗ್ಗಿ ಮೂಸಿ ನೋಡಿದ್ರು.

"ಏನದು?"

"ಕಡ್ಲೆಕಾಯಿದು ಅಜ್ಜಿ."

"ಮೊಟ್ಟೆಗಿಟ್ಟೆ ಹಾಕಿಲ್ಲ ತಾನೆ? ಇವತ್ತು ಸಂಕಷ್ಟಿ."

ಹುಳ

ಮುಂದಕ್ಕೆ ಹಾಕಿದ್ದ ಪ್ರೊಬೇಷನ್ನೂ ಮುಗೀತಾ ಬಂತು. ಕೊನೇ ಪರೀಕ್ಷೆ ಅಂತ ಒಂದು ದಿನ ಬಾಸ್ ನನ್ನ ಜೊತೆ ವ್ಯಾನಲ್ಲೇ ಕೂತ್ರು. ಇವತ್ತು ಸಂಜೆಯೊಳಗೆ ಇರ್ತೀಯೋ ಹೋಗ್ತೀಯೋ ಹೇಳ್ತೀನಿ ಅಂದ್ರು.

ನಾಲ್ಕು ಗಂಟೆ ದಾಟಿದಾಗ ಅದೇ ಬ್ಯಾಲಿನ್‌ಕೊಲಿಗ್ ಮನೆಯ ಅಳಿಯ ಆಫೀಸಿಂದ ಫೋನ್ ಮಾಡಿದ್ರು. "ಹೆಂಡತಿ ಕೂಸಿಗೆ ಚುಚ್ಚುಮದ್ದು ಹಾಕಿಸೋಕೆ ಹೋಗಿದ್ದಾಳೆ, ಅತ್ತೆ ಒಬ್ಬರೇ ಇದ್ದಾರೆ. ವಾಷಿಂಗ್ ಮಷೀನ್ ಹಿಂದೆ ಏನೋ ಹುಳ ಅಂತೆ, ಸ್ವಲ್ಪ ನೋಡ್ತೀರಾ?"

ಅಳಿಯ ಮಲ್ಲೇಶ್ವರದವರು, ನಾನು ಜಯನಗರದವಳು. ಹುಳ ಅಂದ್ರೆ ನಮಗೆ ಹುಳ, ಅಷ್ಟೇ. ಬಾಸಿಗೆ ಹೇಳಿದೆ, "ಇನ್‌ಸೆಕ್ಟ್. ಸಣ್ಣ ಕೆಲಸ." ಸದ್ಯ, ಸುಲಭದ್ದೇ ಸಿಕ್ತು ಅಂತ ದೇವರಿಗೆ ಕೈಮುಗಿದೆ.

ನವೆಂಬರ್ ತಿಂಗಳು, ನಾವು ಹೋಗೋ ಹೊತ್ತಿಗೆ ಕತ್ತಲಾಗಿ ಅಜ್ಜಿ ದೇವರ ದೀಪ ಹಚ್ಚಿದ್ರು. ವಾಷಿಂಗ್ ಮಷೀನಿನ ಮುಂದೆ ಒಂದು ಬಟ್ಟಲು ಹಾಲು ಇಟ್ಟು, ನೆಲಕ್ಕೆ ಅರಿಸಿನ ಕುಂಕುಮ ಹಾಕಿದ್ರು. ಬಾಸ್ ಪಕ್ಕದಲ್ಲೇ ಇದ್ದದ್ದಕ್ಕೆ ನಾನು ನಿಯಮದ ಪ್ರಕಾರ ವಿಚಾರಣೆ ಶುರು ಮಾಡಿದೆ.

"ಯಾವ ಹುಳ ಅಜ್ಜಿ?"

"ದೀಪ ಹಚ್ಚಿದ ಮೇಲೆ ಹೆಸರು ಹೇಳಬಾರದು ಕಣವ್ವ. ಹುಳ."

"ಕಾಲು ಎಷ್ಟಿವೆ?"

"ಕಾಲೆಲ್ಲಿ ಬಂತು? ಕಾಲಿಲ್ಲ."

"ರೆಕ್ಕೆ?"

ಅಜ್ಜಿ ನನ್ನ ಮುಖವನ್ನೇ ನೋಡಿದ್ರು. "ನಿನಗೆ ಹುಷಾರಿದೆಯಾ?"

ನಾನು ಬಾಸಿಗೆ ಇಂಗ್ಲಿಷಲ್ಲಿ ವರದಿ ಒಪ್ಪಿಸಿದೆ. ಕಾಲಿಲ್ಲ, ರೆಕ್ಕೆಯಿಲ್ಲ, ಆದ್ದರಿಂದ ಯಾವುದೋ ಹುಳುವಿನ ಮರಿ ಇರಬೇಕು. ಬಾಸ್ ತಲೆದೂಗಿದ್ರು. ಅಬ್ಬಾ! ಅರ್ಧ ಪಾಸಾದೆ ಅನ್ನಿಸ್ತು. ಅವರೇ ಟಾರ್ಚ್ ತಗೊಂಡು, ಆ ದೊಡ್ಡ ದೇಹವನ್ನ ನೆಲಕ್ಕೆ ಚಾಚಿ, ಮಷೀನಿನ ಹಿಂದಕ್ಕೆ ಬೆಳಕು ಬಿಟ್ಟರು.

ಆಮೇಲೆ ಕೇಳಿಸಿದ್ದು ಒಂದು ಕಿರುಚಾಟ. ಹಾವೇ ಇಲ್ಲದ ದೇಶದಲ್ಲಿ ಹುಟ್ಟಿ ಬೆಳೆದ ಮನುಷ್ಯ ಒಂದೇ ನೆಗೆತಕ್ಕೆ ಅಡಿಗೆಕಟ್ಟೆ ಹತ್ತಿ, ಮಿಕ್ಸಿ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ರು. ಮಷೀನಿನ ಸಂದಿಯಿಂದ ಕಿತ್ತಳೆ ಬಣ್ಣದ, ಕೆಂಪು ಮಚ್ಚೆಯ ಹಾವೊಂದು ಸಾವಕಾಶವಾಗಿ ಹಾಲಿನ ಕಡೆ ಬಂತು.

"ನಾನು ಬಡ್ಕೊಂಡೆನಲ್ಲ ಹುಳ ಅಂತ!" ಅಂದ್ರು ಅಜ್ಜಿ.

ನನಗೆ ಹಾವಿಗಿಂತ ಹೆಚ್ಚಾಗಿ, ಹಾವನ್ನ ಹುಳುವಿನ ಮರಿ ಅಂದವಳಿಗೆ ಯಾರು ಕೆಲಸ ಕೊಡ್ತಾರೆ ಅನ್ನೋ ಭಯ. ಮುಗೀತು ನನ್ನ ಕಥೆ ಅಂತ ನಿಂತಿದ್ದೆ. ಅಷ್ಟರಲ್ಲಿ ಕಟ್ಟೆ ಮೇಲಿಂದ ಬಾಸಿನ ದನಿ ಬಂತು. "ಪಾಸ್! ನೀನು ಪಾಸ್! ಪ್ರೊಬೇಷನ್ ಮುಗೀತು! ದಯವಿಟ್ಟು ಅದನ್ನ ಹಿಡಿ!"

ಯಾವ ಧೈರ್ಯವೋ ಕಾಣೆ. ಕಣ್ಣು ಅರ್ಧ ಮುಚ್ಕೊಂಡು ಒಗೆಯೋ ಬಟ್ಟೆಯ ಬುಟ್ಟಿಯನ್ನ ಅದರ ಮೇಲೆ ಕವುಚಿಹಾಕಿದೆ. ಬಾಸಿನ ಕಿರುಚಾಟ ಬೀದಿಗೆಲ್ಲ ಕೇಳಿಸಿತ್ತೇನೋ, ಪಕ್ಕದ ಮನೆಯ ಐರಿಷ್ ಹುಡುಗಿ ಓಡಿ ಬಂದಳು. "ಅಯ್ಯೋ, ನಮ್ಮ ಬಿಸ್ಕೆಟ್! ಡಬ್ಬಿಯಿಂದ ತಪ್ಪಿಸ್ಕೊಂಡಿದ್ದ. ಏನೂ ಮಾಡಲ್ಲ, ವಿಷ ಇಲ್ಲ" ಅಂದವಳೇ ಬುಟ್ಟಿ ಎತ್ತಿ, ಸಾಕಿದ ಹಾವನ್ನ ದುಪಟ್ಟಾ ಥರ ಕೊರಳಿಗೆ ಹಾಕ್ಕೊಂಡು ಹೊರಟಳು.

ನಾನು ಅಲ್ಲೇ ಕುಸಿದು ಕೂತು ಅಳ್ತಾ ನಗ್ತಾ ಇದ್ದೆ. ಅಜ್ಜಿ ಕೇಳಿದ್ರು, "ಮೇಲೆ ಕೂತಿದ್ದಾರಲ್ಲ, ಅವರು ಏನು ಕೂಗಿದ್ದು?"

"ನನ್ನ ಕೆಲಸ ಕಾಯಂ ಆಯ್ತಂತೆ ಅಜ್ಜಿ."

"ಈಗಲೇನಾ?"

"ಹಾವು ಹೊರಗೆ ಬಂದ ತಕ್ಷಣ."

ಅಜ್ಜಿ ಸೆರಗು ಸಿಕ್ಕಿಸ್ಕೊಂಡು ಬಾಗಿಲಿಗೆ ಓಡಿದ್ರು. "ಏ ಮಗಾ, ನಿಂತ್ಕೊಳೇ! ಕರ್ಕೊಂಡು ಹೋಗಬೇಡ, ನಮ್ಮ ಅಳಿಯಂದಿರ ಪ್ರಮೋಷನ್ ಇನ್ನೂ ಆಗಿಲ್ಲ!"