ಗೊರ್ ಯಾರ ಕಡೆಯದು?

"ಆ ಮಿಕ್ಸಿ ಸ್ವಲ್ಪ ನಿಲ್ಲಿಸಮ್ಮ, ರೈಲಿನ ಸದ್ದೇ ಕೇಳಿಸ್ತಿಲ್ಲ" ಎಂದು ಮೇಲ್ಮನೆಯ ಅಜ್ಜಿ ನಮ್ಮ ಅಡುಗೆಮನೆಯ ಕಡೆಗೆ ಕೂಗಿದರು. ನನ್ನ ಆಟಿಕೆ ರೈಲು ನೋಡಿ ಬನ್ನಿ ಎಂದು ನಾನೇ ಅವರನ್ನು ಕರೆತಂದು ಕುರ್ಚಿ ಹಾಕಿ ಕೂರಿಸಿದ್ದೆ. (ಆಟಿಕೆ ಎನ್ನಬಾರದು, ಮಾದರಿ ರೈಲು ಎನ್ನಬೇಕು ಎಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದವನು ನಾನು, ಮರೆಯುವವನೂ ನಾನೇ.) ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಮಿಕ್ಸಿ ಕೆಟ್ಟು ಅಟ್ಟ ಸೇರಿದೆ, ನೀವು ಕೇಳುತ್ತಿರುವುದೇ ರೈಲು ಎಂದು ತಿಳಿಸಿದಳು.

ಅಜ್ಜಿ ಒಳ್ಳೆಯವರು. "ಹಾಗಾದ್ರೆ ನುಣ್ಣಗೆ ಅರೆಯುತ್ತೆ" ಎಂದು ಹೊಗಳಿ, ಮೆಟ್ಟಿಲು ಹತ್ತಿ ಹೋದರು.

ಅವರು ಹೋದದ್ದೇ ತಡ, ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಜಗಳವನ್ನು ನಾವು ಮತ್ತೆ ಕೈಗೆತ್ತಿಕೊಂಡೆವು.

ನಾನು: ಮೋಟರೇ ಸರಿಯಿಲ್ಲ.

ಹೆಂಡತಿ: ಮೋಟರ್ ಸರಿಯಾಗೇ ಇದೆ. ನಿಮ್ಮ ಡಬ್ಬ ಸರಿಯಿಲ್ಲ.

ಇದು ಬರೀ ಕರೆಂಟಿನ ವಿಷಯ ಎಂದು ಯಾರಾದರೂ ತಿಳಿದುಕೊಂಡರೆ ಕಷ್ಟ. ಎಂಜಿನ್ ಕೊಟ್ಟವರು ನನ್ನ ಭಾವ, ಅಂದರೆ ಇವಳ ಅಣ್ಣ. ಗಡಿಯಾರ ರಿಪೇರಿಯವರು. ಎಲ್ಲಿಯೋ ಮೂಲೆಗೆ ಬಿದ್ದಿದ್ದ ಹಳೆಯ ಎಂಜಿನ್ ಹುಡುಕಿ ತಂದು, ಅದರ ಮೋಟರ್ ಬಿಚ್ಚಿ ತೊಳೆದು, ತಾವೇ ಜೋಡಿಸಿ ನನಗೆ ಉಡುಗೊರೆ ಕೊಟ್ಟಿದ್ದರು. ಹಳಿಗೆ ಕರೆಂಟು ಹರಿಸುವ ಡಬ್ಬ ನಾನು ಕೈಯಾರೆ ಮಾಡಿದ್ದು. ಹೀಗಾಗಿ ಮೋಟರ್ ಎಂದರೆ ಅವಳ ತವರುಮನೆ, ಡಬ್ಬ ಎಂದರೆ ನನ್ನ ಮಾನ. ಅದೇ ಸಂಜೆ ಭಾವ ತಮ್ಮ ಎಂಜಿನ್ ಓಡುವುದನ್ನು ನೋಡಲು ಮೊದಲ ಸಲ ಬರುವವರಿದ್ದರು.

ನಾನು: ಭಾವನಿಗೇ ಹೇಳಿಬಿಡೋಣ. ಬಿಚ್ಚಿ ಇನ್ನೊಂದ್ಸಲ ನೋಡ್ಲಿ.

ಹೆಂಡತಿ: ಹೇಳಬೇಡಿ.

ನಾನು: ಯಾಕೆ? ಅವರ ಕಸುಬು ತಾನೆ?

ಹೆಂಡತಿ: ಕೈ ನಡುಗೋಕೆ ಶುರುವಾಗಿ ಅಂಗಡಿ ಮುಚ್ಚಿದ ಮೇಲೆ ಅಣ್ಣ ಮುಟ್ಟಿದ್ದು ಇದೊಂದನ್ನೇ. ಇದೂ ಗೊರ್ ಅಂದ್ರೆ, ಇನ್ನು ಸ್ಕ್ರೂಡ್ರೈವರ್ ಹಿಡಿಯಲ್ಲ.

ಭಾವನಿಗೆ ಹೇಳುವ ಮಾತನ್ನು ಅಲ್ಲಿಗೇ ಬಿಟ್ಟೆ. ಡಬ್ಬವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ನಾನು: ಹಾಗಂತ ಡಬ್ಬದ ಮೇಲೆ ಹಾಕೋದು ನ್ಯಾಯವಾ? ಅದು ತುಟಿ ಪಿಟಿಕ್ ಅನ್ನಲ್ಲ.

ಹೆಂಡತಿ: ಬೆಳಗಿಂದ ಕಿಂಯ್ ಅಂತಿದೆ.

ನಾನು: ಗೊರ್ ಅಂತಿದೆ.

ಹೆಂಡತಿ: ಗೊರ್ ಬೇರೆ, ಕಿಂಯ್ ಬೇರೆ. ಕಿಂಯ್ ಅನ್ನೋದು ನಿಮ್ಮ ಕಡೇದು.

ನಾನು: ನನಗೆ ಕೇಳಿಸ್ತಾನೇ ಇಲ್ಲ.

ಹೆಂಡತಿ: ನಿಮ್ಮ ಕಡೆಯವರು ಮಾಡೋ ಸದ್ದು ನಿಮಗೆ ಯಾವತ್ತು ಕೇಳಿಸಿದೆ?

ಇದನ್ನು ಮಾತಿನಲ್ಲಿ ಬಗೆಹರಿಸಲಾಗದೆಂದು ನಾನೊಂದು ಪರೀಕ್ಷೆ ಇಟ್ಟೆ. ಅವಳು ಗೋಡೆಗೆ ಮುಖ ಮಾಡಿ ಒಗೆದ ಬಟ್ಟೆ ಮಡಿಸುತ್ತಿರಬೇಕು. ನಾನು ಎಂಜಿನ್ ಬದಿಗಿಟ್ಟು, ಬರೀ ಡಬ್ಬದ ಸ್ವಿಚ್ಚನ್ನು ಕದ್ದು ಒತ್ತುತ್ತಿರಬೇಕು. ಟಕ್ ಎಂಬ ಸದ್ದಿನಿಂದ ಗುಟ್ಟು ರಟ್ಟಾಗದಿರಲೆಂದು ಒತ್ತುವಾಗೆಲ್ಲ ಕೆಮ್ಮಿದೆ.

ಹೆಂಡತಿ: ಈಗ ಹಾಕಿದ್ರಿ.

ಕೆಮ್ಮಿದೆ.

ಹೆಂಡತಿ: ಈಗ ತೆಗೆದ್ರಿ.

ಮತ್ತೆ ಕೆಮ್ಮಿದೆ.

ಹೆಂಡತಿ: ಈಗ ಬರೀ ಕೆಮ್ಮಿದ್ರಿ.

ನಾನು ಡಬ್ಬ ಹಾಕಿ ಅದಕ್ಕೆ ಕಿವಿ ಹಚ್ಚಿದೆ. ಏನೂ ಇಲ್ಲ. ಕಿವಿ ಬದಲಿಸಿದೆ. ಆ ಕಡೆಯೂ ಶಾಂತಿ.

ಹೆಂಡತಿ: ಡಬ್ಬ ಸ್ವಲ್ಪ ಕೆಟ್ಟಿರಬಹುದು. ಕಿವಿ ಚೆನ್ನಾಗೇ ಕೆಟ್ಟಿದೆ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಕರೆಂಟು ಹೋದಾಗ ಉರಿಸುವ ದೀಪದ ಬ್ಯಾಟರಿ ಬಿಚ್ಚಿ ತಂದು, ಡಬ್ಬದ ವೈರು ಕಿತ್ತು, ಅದನ್ನೇ ಹಳಿಗೆ ಜೋಡಿಸಿ ಎಂದಳು. ಜೋಡಿಸಿದೆ. ಕಿಂಯ್ ಹೋಯಿತು ಎಂದು ಅವಳು ಸಾರಿದಳು. ನಾನು ನಂಬಿದೆ, ಬೇರೆ ದಾರಿಯಿರಲಿಲ್ಲ. ಎಂಜಿನ್ ಇಟ್ಟೆವು. ರೈಲು ಹೊರಟಿತು. ಗೊರ್ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ನಾನು: ಡಬ್ಬ ಇಲ್ಲ, ಗೊರ್ ಇದೆ. ಈಗ ಹೇಳು, ಇದು ಯಾರ ಕಡೇದು?

ಮದುವೆಯಾದಾಗಿನಿಂದ ನಾನು ಗೆದ್ದ ವಾದಗಳು ಬೆರಳೆಣಿಕೆಯವು, ಅವುಗಳಲ್ಲಿ ಇಷ್ಟು ಸಪ್ಪೆಯಾದದ್ದು ಇನ್ನೊಂದಿಲ್ಲ. ಅವಳು ಎಂಜಿನ್ನನ್ನು ಹಳಿಯಿಂದ ಎತ್ತಿ ಅಂಗೈಯಲ್ಲಿ ಮಲಗಿಸಿಕೊಂಡು, ವೈರುಗಳನ್ನು ಚಕ್ರಕ್ಕೇ ಮುಟ್ಟಿಸಿ ಎಂದಳು. ಮುಟ್ಟಿಸಿದೆ. ಚಕ್ರಗಳು ಗಿರ್ರನೆ ತಿರುಗಿದವು. ಸದ್ದು ಎಂದರೆ ದೂರದ ಜೇನುನೊಣದಷ್ಟು.

ಹೆಂಡತಿ: ಎತ್ತಿಕೊಂಡ್ರೆ ಸುಮ್ಮನಿರುತ್ತೆ.

ನಾನು: ತವರಿನವರ ಕೈ ಗುರುತು ಹಿಡಿಯುತ್ತೆ.

ಹೆಂಡತಿ: ಕೆಳಗಿಟ್ರೆ ಯಾಕೆ ಅಳುತ್ತೆ? ಕೆಳಗೆ ಏನಿದೆ?

ನಾನು: ಹಳಿ.

ಹೆಂಡತಿ: ಹಳಿ ಕೆಳಗೆ?

ನಾನು: ಹಲಗೆ.

ಹೆಂಡತಿ: ಹಲಗೆ ಕೆಳಗೆ?

ಹಲಗೆಯ ಕೆಳಗೆ ಏನೂ ಇರಲಿಲ್ಲ. ಅದೇ ತೊಂದರೆ. ರೈಲಿಗೊಂದು ಮೇಜು ಬೇಕೆಂದಾಗ ನಾನು ಹಳೆಯ ಮರದ ಬೀರುವನ್ನು ಖಾಲಿ ಮಾಡಿ, ಅಂಗಾತ ಮಲಗಿಸಿ, ಅದರ ಮೇಲೆ ಪ್ಲೈವುಡ್ ಹಲಗೆ ಇಟ್ಟು ಸ್ಕ್ರೂ ಬಿಗಿದಿದ್ದೆ. ಬಂದವರಿಗೆಲ್ಲ ತೋರಿಸಿ ಬೆನ್ನು ತಟ್ಟಿಸಿಕೊಂಡಿದ್ದೆ. ಅವಳು ಬೆರಳು ಮಡಿಸಿ ಹಲಗೆಯ ಮೇಲೆ ಒಂದು ಕುಟ್ಟಿದಳು. ಬೀರು ಧಿಂ ಎಂದಿತು.

ಹೆಂಡತಿ: ಇದು ಮೇಜಲ್ಲ, ಡೋಲು.

ನಾನು: ಯಾರ ಕಡೇದು ಅಂತ ಕೇಳಬೇಡ.

ಹೆಂಡತಿ: ಕೇಳಲ್ಲ. ಮೊದಲು ಸ್ಕ್ರೂ ಬಿಚ್ಚಿ.

ಹಲಗೆ ಬಿಚ್ಚಿದ್ದಾಯಿತು. ಇಡುವುದೆಲ್ಲಿ? ನೆಲಕ್ಕಿಟ್ಟರೆ ಭಾವ ಬಗ್ಗಲಾರರು. ಸದ್ದು ನುಂಗುವಷ್ಟು ಮೆತ್ತಗೆ, ಹಲಗೆ ಹಿಡಿಸುವಷ್ಟು ಅಗಲವಾಗಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಜಾಗ. ಹಳಿ ಸಮೇತ ಹಲಗೆಯನ್ನು ಓರೆ ಮಾಡಿ ಕೋಣೆಯ ಬಾಗಿಲಲ್ಲಿ ತೂರಿಸುವಾಗ ಹಳಿ ಪಕ್ಕ ಇಟ್ಟಿದ್ದ ನನ್ನ ಪುಟ್ಟ ಸ್ಟೇಷನ್ನು ಉರುಳಿ ಮಂಚದಡಿ ಸೇರಿತು. ಹುಡುಕುವ ಮೊದಲೇ ಬಾಗಿಲ ಗಂಟೆ ಹೊಡೆಯಿತು.

ಭಾವ ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಒಳಗೆ ಬಂದರು. ನೇರವಾಗಿ ರೈಲಿನ ಹತ್ತಿರ ಕಿವಿ ತಂದು ನಿಂತರು. ನಾನು ಬ್ಯಾಟರಿ ಜೋಡಿಸಿದೊಡನೆ ರೈಲು ದಿಂಬಿನ ಪಕ್ಕದಲ್ಲೇ ಹಾದು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು.

ಭಾವ: ನೀವೇ ಹೇಳಿ, ಮೋಟರ್ ಸದ್ದು ಮಾಡುತ್ತಾ?

ನಾನು: ನನಗಂತೂ ಏನೂ ಕೇಳಿಸ್ತಿಲ್ಲ ಭಾವ.

ನನ್ನ ಕಿವಿ ಕೆಟ್ಟದ್ದು ಒಬ್ಬರಿಗಾದರೂ ಉಪಯೋಗಕ್ಕೆ ಬಂತು. ಹೆಂಡತಿ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ಜೇಬಿನಿಂದ ಕೈ ತೆಗೆದರು. ಅದು ನಡುಗುತ್ತಲೇ ಇತ್ತು. ಆ ಕೈಯನ್ನೇ ಚಾಚಿ, ಅಟ್ಟದ ಮೇಲೆ ಕೆಟ್ಟ ಮಿಕ್ಸಿ ಇದೆ ಅಂದಿದ್ದೆಯಲ್ಲ, ಇಳಿಸಿ ಕೊಡು, ಸ್ಕ್ರೂಡ್ರೈವರ್ ಎಲ್ಲಿದೆ ಎಂದು ತಂಗಿಯನ್ನು ಕೇಳಿದರು.

ಮಿಕ್ಸಿಯ ತಳ ಬಿಚ್ಚುತ್ತ ಕೂತವರು ಸ್ವಲ್ಪ ಹೊತ್ತಿಗೆ ತಲೆಯೆತ್ತಿ ಮಂಚವನ್ನೂ ದಿಂಬನ್ನೂ ನೋಡಿದರು.

ಭಾವ: ಅಲ್ಲಮ್ಮ, ರೈಲನ್ನ ಹಾಸಿಗೆ ಮೇಲೆ ಯಾಕೆ ಓಡಿಸ್ತಿದೀರಿ?

ಹೆಂಡತಿ: ಸ್ಲೀಪರ್ ಗಾಡಿ ಅಣ್ಣ.