ಮರ್ಯಾದೆಯ ಅಂಕ

ಹನ್ನೊಂದು ಅಂಕಕ್ಕೆ ಮುಗಿಯುವ ಟೇಬಲ್ ಟೆನಿಸ್‌ನಲ್ಲಿ ಹತ್ತು–ಸೊನ್ನೆಯಿಂದ ಮುಂದಿರುವವನು ಮುಂದಿನ ಚೆಂಡನ್ನು ಬೇಕೆಂದೇ ಬಲೆಗೆ ಹೊಡೆಯಬೇಕು. ಎದುರಾಳಿ ಸೊನ್ನೆ ಹೊತ್ತು ಮನೆಗೆ ಹೋಗಬಾರದು. ತೈನಾನ್ ನಗರದ ಉಪ್ಪುಕಾಲುವೆ ವಾರ್ಡಿನ ಹಿರಿಯರಿಗೆ ಚಿಯು ಬೋಲಿನ್ ಮೇಷ್ಟ್ರು ಇಪ್ಪತ್ತು ವರ್ಷಗಳಿಂದ ಕಲಿಸುತ್ತ ಬಂದ ಮೊದಲ ಪಾಠ ಇದು. ಬ್ಯಾಟು ಹಿಡಿಯುವುದನ್ನು ಮರೆತವರು ಕೂಡ ಈ ಪಾಠವನ್ನು ಮರೆತಿರಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ವಾರ್ಡಿನ ಮುಖ್ಯಸ್ಥನ ಚುನಾವಣೆಗೆ ಮೇಷ್ಟ್ರು ನಿಂತದ್ದು ಅಧಿಕಾರದ ಆಸೆಯಿಂದಲ್ಲ. ಎದುರಾಳಿ ಖೋ ಮಾವೊಶಾನ್, ತಾವು ಗೆದ್ದರೆ ಸಮುದಾಯ ಭವನದ ನಾಲ್ಕೂ ಆಟದ ಟೇಬಲ್‌ಗಳನ್ನು ಹೊರಗೆ ಹಾಕಿ, ಅಲ್ಲಿ ಕರೋಕೆ ಹಾಡಿನ ಕೋಣೆ ಮಾಡುವುದಾಗಿ ಸಾರಿದ್ದರು. ಟೇಬಲ್ ಉಳಿಸಲು ಬೇರೆ ದಾರಿಯಿರಲಿಲ್ಲ. ಗೆಲುವು ಅಂಗೈಯಲ್ಲಿದೆ ಎಂದು ಪಕ್ಷದ ಕಾರ್ಯದರ್ಶಿ ಪಾನ್ ಭರವಸೆ ಕೊಟ್ಟಿದ್ದರು. ಆ ಭರವಸೆಯನ್ನು ನಂಬಿದ ಮೇಷ್ಟ್ರು ಮತಗಟ್ಟೆಯ ಪರದೆಯ ಹಿಂದೆ ನಿಂತು, ಎದುರಾಳಿ ತೀರ ಅವಮಾನ ಪಡಬಾರದೆಂದು ಖೋ ಅವರ ಹೆಸರಿಗೇ ಮುದ್ರೆ ಒತ್ತಿ ಬಂದರು.

ಫಲಿತಾಂಶ ಬಂತು. ಖೋ ಮುನ್ನೂರ ಏಳು, ಚಿಯು ಮುನ್ನೂರ ಆರು.

ಅಲ್ಲಿನ ಪದ್ಧತಿಯಂತೆ ಸೋತವರೂ ಮರುದಿನ ತೆರೆದ ಲಾರಿಯ ಮೇಲೆ ನಿಂತು ಬೀದಿ ಬೀದಿಯಲ್ಲಿ ಕೃತಜ್ಞತೆ ಹೇಳಬೇಕು. ಬೆಳಿಗ್ಗೆ ಎಂಟಕ್ಕೆ ಮೇಷ್ಟ್ರು ಕೆಂಪು ಪಟ್ಟಿ ತೊಟ್ಟು, ತುಳಿದ ಚೆಂಡಿನಂತೆ ಒಂದು ಕಡೆ ಕುಗ್ಗಿದ ಮುಖದಲ್ಲಿ ಲಾರಿ ಹತ್ತಿದರು. ಮೀನಿನ ಗಂಜಿಯ ಅಂಗಡಿಯವರು, ಕ್ಷೌರಿಕರು, ಔಷಧಿ ಅಂಗಡಿಯ ಅಕ್ಕತಂಗಿಯರು, ಎಲ್ಲರೂ ಲಾರಿಯ ಬಳಿ ಬಂದು ತಮ್ಮ ಓಟು ಮೇಷ್ಟ್ರಿಗೇ ಎಂದು ಕೈ ಹಿಡಿದು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಹಾಗೆ ಹೇಳಿದವರ ಸಂಖ್ಯೆ ನಾನೂರು ದಾಟಿತ್ತು.

ಪಕ್ಕದಲ್ಲಿ ನಿಂತಿದ್ದ ಪಾನ್ ಅವರಿಗೆ ಮಾತ್ರ ಸಮಾಧಾನವಿರಲಿಲ್ಲ. ಸಂಜೆಯೊಳಗೆ ಅವರು ಪಕ್ಷಕ್ಕೆ ಪರಾಭವದ ವರದಿ ಕಳಿಸಬೇಕಿತ್ತು. ಹಿಂದಿನ ಮೂರು ಸೋಲುಗಳಿಗೆ ಅವರು ಮಳೆಯನ್ನು ಕಾರಣವಾಗಿ ತೋರಿಸಿದ್ದರು. ಈ ಸಲ ದುರದೃಷ್ಟವಶಾತ್ ಬಿಸಿಲಿತ್ತು.

"ಒಂದು ಓಟು ಮೇಷ್ಟ್ರೇ. ಒಂದೇ ಒಂದು. ನಮ್ಮವರೇ ಯಾರೋ ಕೈ ಕೊಟ್ಟಿದಾರೆ."

"ಆಟ ಮುಗೀತಲ್ಲ ಪಾನ್. ಎದುರಾಳಿಗೆ ಬಾಗಿ, ಬ್ಯಾಟು ಚೀಲಕ್ಕೆ ಹಾಕೋದು ಅಷ್ಟೇ."

"ನೀವು ಹಾಕ್ಕೊಳ್ಳಿ. ನನಗೆ ಆ ದ್ರೋಹಿ ಬೇಕು."

ಮಧ್ಯಾಹ್ನ ಪಾನ್ ಲಾರಿಯನ್ನು ನಗರದೇವತೆಯ ಗುಡಿಯ ಮುಂದೆ ನಿಲ್ಲಿಸಿದರು. ಮೇಷ್ಟ್ರ ಆಟದ ಸಂಘದ ಇಪ್ಪತ್ತೂ ಜನ ಅಲ್ಲಿ ಸಾಲಾಗಿ ನಿಂತಿದ್ದರು. ಅವರ ಮುಂದೆ ಮರದ ಹಲಗೆ, ಮಚ್ಚು, ಕಾಲು ಕಟ್ಟಿದ ಒಂದು ಹುಂಜ. ಒಬ್ಬೊಬ್ಬರೂ ಊದಿನಕಡ್ಡಿ ಹಿಡಿದು, ತಾನು ಚಿಯು ಮೇಷ್ಟ್ರಿಗೇ ಓಟು ಹಾಕಿದ್ದೆಂದೂ ಸುಳ್ಳಾಡಿದ್ದರೆ ತನ್ನ ಗತಿ ಈ ಹುಂಜದ್ದೇ ಆಗಲೆಂದೂ ಆಣೆ ಮಾಡಬೇಕು. ಕೊನೆಯಲ್ಲಿ ಮಚ್ಚು ಬೀಳುತ್ತದೆ. ಮಾದರಿಯಾಗಿ ಮೊದಲ ಆಣೆ ಅಭ್ಯರ್ಥಿಯದೇ ಆಗಲೆಂದು ಪಾನ್ ಸೂಚಿಸಿದರು.

ಮೇಷ್ಟ್ರು ಊದಿನಕಡ್ಡಿ ಹಿಡಿದರು. ದೇವರನ್ನು ನೋಡಿದರು, ಹುಂಜವನ್ನು ನೋಡಿದರು. ಹುಂಜ ಅವರನ್ನು ನೋಡಿತು.

"ನಾನು ಖೋ ಅವರಿಗೆ ಹಾಕಿದೆ," ಎಂದರು. "ಮರ್ಯಾದೆಗೆ ಒಂದು ಅಂಕ ಅಂತ."

ಪಾನ್ ಹಲಗೆಯ ಮೇಲೆ ಕುಸಿದು ಕೂತರು. ಆಗ ಸಾಲಿನಿಂದ ಎಂಬತ್ತೊಂದು ವರ್ಷದ ಲಿಯಾವೊ ಅಜ್ಜಿ ಮೆಲ್ಲಗೆ ಮುಂದೆ ಬಂದರು.

"ಮೇಷ್ಟ್ರೇ, ಆ ಒಂದು ಅಂಕ ನಾನು ಕೊಟ್ಟಿದ್ದು. ಬೇರೆ ಯಾರಿಗೂ ನೆನಪಿರಲ್ಲ ಅಂದ್ಕೊಂಡೆ."

ಅವರ ಹಿಂದಿನವರು ಕೆಮ್ಮಿದರು. ಅವರ ಹಿಂದಿನವರೂ ಕೆಮ್ಮಿದರು. ಮೇಷ್ಟ್ರನ್ನೂ ಸೇರಿಸಿ ಹನ್ನೆರಡು ಜನ, ಒಬ್ಬರಿಗೊಬ್ಬರು ಹೇಳದೆ, ಆ ಒಂದು ಅಂಕವನ್ನು ಕೊಟ್ಟಿದ್ದರು. ಇಪ್ಪತ್ತು ವರ್ಷಗಳಲ್ಲಿ ಮೇಷ್ಟ್ರ ಪಾಠ ಇಷ್ಟು ಚೆನ್ನಾಗಿ ಯಾರಿಗೂ ಹತ್ತಿದ್ದಿಲ್ಲ. ಪಾನ್ ಹುಂಜದ ಕಟ್ಟು ಬಿಚ್ಚಿದರು. ಆ ಚುನಾವಣೆಯಿಂದ ಲಾಭವಾದ ಎರಡನೆಯ ಜೀವಿ ಅದು. ಆಮೇಲೆ ಪಾನ್ ಗುಡಿಯ ಮೆಟ್ಟಿಲಿನ ಮೇಲೆಯೇ ಕೂತು, ಸೋಲಿಗೆ ಕಾರಣ ಮಳೆ ಎಂದು ವರದಿ ಬರೆದು ಮುಗಿಸಿದರು.

ಲಾಭವಾದ ಮೊದಲನೆಯವರು ಆ ಹೊತ್ತಿಗೆ ಗುಡಿಯೊಳಗೇ ಇದ್ದರು. ಗೆದ್ದ ಹರಕೆಗೆ ಹುರಿದ ಹಂದಿ ಒಪ್ಪಿಸಲು ಬಂದಿದ್ದ ಖೋ ಕಂಬದ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು.

"ಅಂದ್ರೆ ನಾನು ಗೆದ್ದಿದ್ದು ನಿಮ್ಮ ದಯೆಯಿಂದ."

ಖೋ ಕಣ್ಣೊರೆಸಿಕೊಂಡರು.

"ನನಗೂ ಮರ್ಯಾದೆ ಗೊತ್ತು ಮೇಷ್ಟ್ರೇ. ನಾಲ್ಕೂ ಟೇಬಲ್ ತೆಗೀಬೇಕು ಅಂತಿದ್ದೆ. ಒಂದು ಬಿಡ್ತೀನಿ."

ಒಂದಾದರೂ ಉಳಿಯಿತಲ್ಲ ಎಂದು ಸಂಘದವರು ಆನಂದಬಾಷ್ಪ ಸುರಿಸಿದರು. ಸಂಜೆ ಐದಕ್ಕೆ ಬ್ಯಾಟುಗಳೊಂದಿಗೆ ಎಲ್ಲರೂ ಸಮುದಾಯ ಭವನಕ್ಕೆ ಹೋದರು. ಖೋ ಮಾತಿಗೆ ತಪ್ಪಿರಲಿಲ್ಲ. ಕೋಣೆಯ ನಟ್ಟನಡುವೆ, ಚೆನ್ನಾಗಿ ಒರೆಸಿದ ಒಂದು ಟೇಬಲ್ ಇತ್ತು. ಅದರ ಮೇಲೆ, ಬಲೆಯ ಎಡಭಾಗದಲ್ಲಿ ಹೊಸ ಕರೋಕೆ ಯಂತ್ರ, ಬಲಭಾಗದಲ್ಲಿ ಎರಡು ದೊಡ್ಡ ಧ್ವನಿಪೆಟ್ಟಿಗೆಗಳು.

ಲಿಯಾವೊ ಅಜ್ಜಿ ನಿಟ್ಟುಸಿರಿಟ್ಟು, ನೆನಪಿಗಾದರೂ ಇರಲೆಂದು ಬಲೆಯ ತಿರುಪು ಬಿಚ್ಚಲು ಕೈ ಹಾಕಿದರು. ಖೋ ವಿನಯದಿಂದ ತಡೆದರು.

"ಬಲೆ ಇರಲಿ ಅಜ್ಜಿ. ಮೈಕ್ ಒರಗಿಸೋಕೆ ಬೇಕು."

ಆಮೇಲೆ ಮೈಕ್ ಎತ್ತಿ ಎರಡೂ ಕೈಯಲ್ಲಿ ಮೇಷ್ಟ್ರ ಕಡೆ ಚಾಚಿ, ಮೊದಲ ಹಾಡು ಸೋತವರದೇ ಎಂದರು. ಮೇಷ್ಟ್ರು ಇಪ್ಪತ್ತು ವರ್ಷಗಳ ಅಭ್ಯಾಸಬಲದಿಂದ ಎದುರಾಳಿಗೆ ಬಾಗಿ, ಬ್ಯಾಟನ್ನು ಚೀಲಕ್ಕೆ ಹಾಕಿ, ಮೈಕ್ ತೆಗೆದುಕೊಂಡರು.